ನೀರು ಕೇಳಿದ, ಹಾಲು ಕೊಟ್ಟಳು: ಹೀಬ್ರೂ ಪವಿತ್ರ ಗ್ರಂಥದ ನಾಯಕಿಯರನ್ನು ಓದುವ ಬಗೆ

2025ರ ಅಕ್ಟೋಬರ್‌ನಲ್ಲಿ ಇಂಗ್ಲೆಂಡಿನಿಂದ ಒಂದು ಸುದ್ದಿ ಬಂತು. ಆಂಗ್ಲಿಕನ್ ಕ್ರೈಸ್ತ ಚರ್ಚುಗಳ ಅತಿ ಹಿರಿಯ ಸ್ಥಾನವಾದ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಹುದ್ದೆಗೆ ಸಾರಾ ಮುಲ್ಲಾಲಿ ಅವರ ಹೆಸರು ಪ್ರಕಟವಾಯಿತು. ಸುಮಾರು 1,400 ವರ್ಷ ಹಳೆಯದಾದ ಆ ಪೀಠಕ್ಕೆ ಹೆಣ್ಣುಮಗಳೊಬ್ಬರ ಹೆಸರು ಬಂದದ್ದು ಅದೇ ಮೊದಲು. ಪಾದ್ರಿಯಾಗುವ ಮುಂಚೆ ಅವರು ನರ್ಸ್ ಆಗಿದ್ದವರು. ನಮ್ಮ ಚರ್ಚ್ ಆಫ್ ಸೌತ್ ಇಂಡಿಯಾ ಕೂಡ ಅದೇ ಆಂಗ್ಲಿಕನ್ ಬಳಗಕ್ಕೆ ಸೇರಿದ್ದು. ಇಲ್ಲಿ 2013ರಲ್ಲೇ ಆಂಧ್ರದ ನಂದ್ಯಾಲದಲ್ಲಿ ಇ. ಪುಷ್ಪಲಲಿತಾ ಬಿಷಪ್ ಆದರು. ಹಾಗಾಗಿ ಈ ವಿಷಯ ಕರ್ನಾಟಕದ ಚರ್ಚುಗಳಿಗೆ ದೂರದ್ದೇನೂ ಅಲ್ಲ.

ಹೆಂಗಸರು ಧರ್ಮದ ವಿಷಯದಲ್ಲಿ ಮುಂದಾಳಾಗಬಹುದೇ ಅನ್ನುವ ಮಾತು ಎದ್ದಾಗೆಲ್ಲ ಬೈಬಲಿನ ಒಂದು ಹೆಸರು ಬಂದೇ ಬರುತ್ತದೆ: ದೆಬೋರ. 'ಮೂರು ಸಾವಿರ ವರ್ಷದ ಹಿಂದೆಯೇ ಇದ್ದಳಲ್ಲ' ಅಂತ ಒಬ್ಬರು. 'ಅವಳೊಬ್ಬಳು ಬೇರೆ, ಅದನ್ನೇ ನಿಯಮ ಮಾಡೋಕಾಗುತ್ತಾ' ಅಂತ ಇನ್ನೊಬ್ಬರು. ಪಕ್ಕದಲ್ಲಿ ಕೂತು ಕೇಳುವವರಿಗೆ ದೆಬೋರ ಯಾರು, ಏನು ಮಾಡಿದಳು ಅನ್ನುವುದೇ ಗೊತ್ತಿರುವುದಿಲ್ಲ. ಹುಲ್ದಳ ಹೆಸರಂತೂ ಎಷ್ಟೋ ಜನ ಕೇಳಿಯೇ ಇಲ್ಲ. ವಾದ ಆಮೇಲೆ ಇರಲಿ. ಮೊದಲು ಆ ಗ್ರಂಥದಲ್ಲಿ ಏನು ಬರೆದಿದೆ ಅಂತ ನೋಡೋಣ. ಪದ ಪದವಾಗಿ ನೋಡಿದರೆ ಕನ್ನಡ ಬಲ್ಲವರಿಗೆ ಇದರಲ್ಲಿ ಒಂದು ಅನುಕೂಲವೂ ಇದೆ. ಅದು ಮುಂದೆ ತಾನಾಗಿಯೇ ಕಾಣುತ್ತದೆ.

ಯಾವ ಗ್ರಂಥದ ಮಾತು ಇದು

ಯಹೂದಿಗಳು ತಮ್ಮ ಪವಿತ್ರ ಗ್ರಂಥವನ್ನು 'ತನಾಖ್' ಅನ್ನುತ್ತಾರೆ. ಅದಕ್ಕೆ ಮೂರು ಭಾಗ: ತೋರಾ ಅಂದರೆ ಧರ್ಮಬೋಧೆ, ನೆವಿಯೀಮ್ ಅಂದರೆ ಪ್ರವಾದಿಗಳು, ಕೆತುವೀಮ್ ಅಂದರೆ ಉಳಿದ ಬರಹಗಳು. ಮೂರರ ಮೊದಲ ಅಕ್ಷರ ಜೋಡಿಸಿದರೆ ತನಾಖ್. ಕ್ರೈಸ್ತರು ಇದನ್ನೇ ಹಳೆಯ ಒಡಂಬಡಿಕೆ ಅನ್ನುತ್ತಾರೆ. ಯಹೂದಿಗಳ ಲೆಕ್ಕದಲ್ಲಿ 24 ಪುಸ್ತಕ, ಪ್ರೊಟೆಸ್ಟೆಂಟರ ಲೆಕ್ಕದಲ್ಲಿ 39. ಒಳಗಿರುವುದು ಒಂದೇ, ವಿಂಗಡಿಸಿದ ರೀತಿ ಬೇರೆ. ಬಹುಪಾಲು ಹೀಬ್ರೂ ಭಾಷೆಯಲ್ಲಿದೆ, ಸ್ವಲ್ಪ ಭಾಗ ಅರಮಾಯಿಕ್‌ನಲ್ಲಿ.

ಇದು ಒಬ್ಬರು ಒಂದೇ ಸಲ ಕೂತು ಬರೆದದ್ದಲ್ಲ. ಹಳೇ ಮನೆಯ ಅಟ್ಟದಲ್ಲಿ ಒಂದು ಟ್ರಂಕು ಇರುತ್ತದಲ್ಲ, ಹಾಗೆ. ಅದರಲ್ಲಿ ಜಮೀನಿನ ಕಾಗದ, ಮುತ್ತಾತನ ಕಾಲದ ಹಾಡು, ವಂಶಾವಳಿ, ಯಾರೋ ಬರೆದ ಪತ್ರ, ಬೈದು ಬರೆದ ಚೀಟಿ ಎಲ್ಲ ಒಟ್ಟಿಗೆ ಸಿಗುತ್ತವೆ. ಈ ಗ್ರಂಥದ ಅತಿ ಹಳೆಯ ಹಾಡುಗಳಿಗೂ ಕೊನೆಯ ಬರಹಗಳಿಗೂ ನಡುವೆ ಸುಮಾರು ಸಾವಿರ ವರ್ಷದ ಅಂತರ ಇದೆ ಅಂತ ವಿದ್ವಾಂಸರ ಅಂದಾಜು. ಹಾಗಾಗಿ 'ಹೆಂಗಸರ ಬಗ್ಗೆ ಬೈಬಲ್ ಏನು ಹೇಳುತ್ತದೆ' ಅಂತ ಒಂದೇ ಮಾತಲ್ಲಿ ಕೇಳಿದರೆ ಒಂದೇ ಮಾತಲ್ಲಿ ಉತ್ತರ ಸಿಗುವುದಿಲ್ಲ. ಯಾವ ಕಾಲದ, ಯಾವ ಊರಿನ, ಯಾವ ಹೆಂಗಸು ಅಂತ ಕೇಳಬೇಕು.

ನಾಯಕ ಅನ್ನಲು ಆಗ ಇದ್ದ ಪದಗಳು

ನಾಯಕತ್ವ ಅಂದ ಕೂಡಲೇ ನಮ್ಮ ತಲೆಗೆ ಬರುವುದು ಕುರ್ಚಿ. ಹಳೆಯ ಇಸ್ರೇಲಿನಲ್ಲಿ ತುಂಬ ಕಾಲ ಅಂಥ ಕುರ್ಚಿಯೇ ಇರಲಿಲ್ಲ. ಸುಮಾರು ಕ್ರಿ.ಪೂ. 1200ರಿಂದ 1000ದವರೆಗೆ ರಾಜ ಇಲ್ಲ, ರಾಜಧಾನಿ ಇಲ್ಲ, ಸಂಬಳದ ಸೈನ್ಯ ಇಲ್ಲ. ಗುಡ್ಡಗಾಡಿನ ಹಳ್ಳಿಗಳು, ಕುಲಗಳು, ಮನೆತನಗಳು, ಅಷ್ಟೇ. ಕಷ್ಟ ಬಂದಾಗ ಯಾರ ಮಾತಿಗೆ ಜನ ಎದ್ದು ಬರುತ್ತಿದ್ದರೋ ಅವರೇ ನಾಯಕರು.

ಅಂಥವರಿಗೆ ಹೀಬ್ರೂವಿನಲ್ಲಿ 'ಶೋಫೆತ್' ಅನ್ನುತ್ತಿದ್ದರು. ಕನ್ನಡ ಬೈಬಲ್ ಇವರನ್ನು ನ್ಯಾಯಸ್ಥಾಪಕರು ಅನ್ನುತ್ತದೆ. ಬರೀ ನ್ಯಾಯಾಧೀಶ ಅಂದರೆ ಕಪ್ಪು ಕೋಟು ನೆನಪಾಗುತ್ತದೆ, ಆ ಅರ್ಥ ಸಾಲದು. ತೀರ್ಪು ಕೊಡುವುದು, ಆಳುವುದು, ಕಾಪಾಡುವುದು ಮೂರೂ ಆ ಪದದಲ್ಲಿವೆ. ಸಮುದ್ರದಾಚೆ ಕಾರ್ಥೇಜ್ ನಗರದ ಆಡಳಿತಗಾರರನ್ನೂ ಇದೇ ಧಾತುವಿನ ಪದದಿಂದ ಕರೆಯುತ್ತಿದ್ದರು.

ಇನ್ನೊಂದು ಪದ 'ನವೀ', ಅಂದರೆ ಪ್ರವಾದಿ. ಪ್ರವಾದಿ ಎಂದರೆ ಭವಿಷ್ಯ ಹೇಳುವ ಜೋಯಿಸ ಅಲ್ಲ. ದೇವರ ಮಾತನ್ನು ಜನರ ಮುಂದೆ, ರಾಜನ ಮುಂದೆ ಹೇಳುವವನು. ಹೇಳಿದ ಮಾತಿಗೆ ಹೊಣೆಯನ್ನೂ ಹೊರುವವನು. ಹೆಂಗಸಾದರೆ 'ನೆವಿಯಾ', ಪ್ರವಾದಿನಿ. ಇಲ್ಲೊಂದು ಅನುಮಾನ ಬರಬಹುದು. ಗೌಡರ ಹೆಂಡತಿಯನ್ನು ಗೌಡ್ತಿ ಅಂತೀವಲ್ಲ, ಪ್ರವಾದಿನಿ ಅನ್ನುವುದೂ ಹಾಗೇನಾ? ಒಂದು ಕಡೆ ಮಾತ್ರ ಹಾಗೆ ಇರಬಹುದು. ಯೆಶಾಯ ಪ್ರವಾದಿ ತನ್ನ ಮಗುವಿನ ತಾಯಿಯನ್ನು ಪ್ರವಾದಿನಿ ಅಂತ ಕರೆಯುತ್ತಾನೆ. ಆಕೆ ಸ್ವತಃ ಪ್ರವಾದಿನಿಯೋ, ಪ್ರವಾದಿಯ ಹೆಂಡತಿ ಅನ್ನುವ ಕಾರಣಕ್ಕೋ ಅನ್ನುವುದರಲ್ಲಿ ಓದುಗರಿಗೆ ಒಮ್ಮತ ಇಲ್ಲ. ಉಳಿದ ನಾಲ್ವರಲ್ಲಿ ಆ ಗೊಂದಲ ಇಲ್ಲ. ಮಿರ್ಯಾಮ, ದೆಬೋರ, ಹುಲ್ದ, ನೋವದ್ಯ. ಇವರ ಯಾರ ಗಂಡನೂ ಪ್ರವಾದಿ ಅಂತ ಗ್ರಂಥ ಹೇಳುವುದಿಲ್ಲ. ನೋವದ್ಯಳಿಗೆ ಸಿಕ್ಕಿರುವುದು ಒಂದೇ ಸಾಲು, ಅದೂ ವಿರೋಧಿಯ ಬಾಯಿಂದ. ಯೆರೂಸಲೇಮಿನ ಗೋಡೆ ಕಟ್ಟಿಸುತ್ತಿದ್ದ ನೆಹೆಮೀಯ, ತನ್ನನ್ನು ಹೆದರಿಸಲು ನೋಡಿದವರ ಪಟ್ಟಿಯಲ್ಲಿ ಅವಳ ಹೆಸರು ಸೇರಿಸಿದ್ದಾನೆ. ಅವಳ ಕಡೆಯ ಮಾತು ನಮಗೆ ಉಳಿದಿಲ್ಲ.

ದೆಬೋರ: ಖರ್ಜೂರದ ಮರದ ಕೆಳಗೆ

ನ್ಯಾಯಸ್ಥಾಪಕರು ಪುಸ್ತಕದ 4ನೇ ಅಧ್ಯಾಯ ತೆರೆಯಿರಿ. ಕಾನಾನಿನ ರಾಜ ಯಾಬೀನನ ಕಡೆಯವರು 20 ವರ್ಷದಿಂದ ಇಸ್ರೇಲರನ್ನು ತುಳಿಯುತ್ತಿದ್ದಾರೆ. ಅವನ ಸೇನಾಪತಿ ಸೀಸೆರ. ಅವನ ಹತ್ತಿರ 900 ಕಬ್ಬಿಣದ ರಥಗಳಿವೆ. ಇಸ್ರೇಲರು ನಡೆದು ಹೋಗುವ ಬೇಸಾಯಗಾರರು.

ಇದರ ಮಧ್ಯೆ ದೆಬೋರ ಬರುತ್ತಾಳೆ. ಹೀಬ್ರೂ ಸಾಲು ಹೀಗೆ ಶುರುವಾಗುತ್ತದೆ: ದೆವೊರಾ, ಇಶ್ಶಾ, ನೆವಿಯಾ, ಎಶೆತ್ ಲಪ್ಪಿದೋತ್, ಹೀ ಶೊಫ್ತಾ. ಅಂದರೆ ದೆಬೋರ, ಹೆಂಗಸು, ಪ್ರವಾದಿನಿ, ಲಪ್ಪೀದೋತನ ಹೆಂಡತಿ, ಅವಳೇ ನ್ಯಾಯ ನಡೆಸುತ್ತಿದ್ದಳು. ಸಾಲಾಗಿ ಸ್ತ್ರೀಲಿಂಗದ ಪದಗಳು. ಬರೆದವನು ಒತ್ತಿ ಒತ್ತಿ ಹೇಳುತ್ತಿದ್ದಾನೆ ಅನಿಸುತ್ತದೆ ಅಲ್ವಾ? ಆದರೆ ಗಮನಿಸಿ: ಆಶ್ಚರ್ಯದ ಒಂದು ಮಾತೂ ಇಲ್ಲ. 'ಗಂಡಸರು ಯಾರೂ ಇರಲಿಲ್ಲವಾದ್ದರಿಂದ' ಅಂತ ಸಬೂಬು ಇಲ್ಲ. ಅವಳು ಆ ಜಾಗಕ್ಕೆ ಹೇಗೆ ಬಂದಳು ಅಂತ ವಿವರಣೆಯೂ ಇಲ್ಲ. ಕಥೆ ಶುರುವಾಗುವ ಹೊತ್ತಿಗೆ ಅವಳು ಅಲ್ಲಿ ಕೂತಿದ್ದಾಳೆ, ಜನ ಬರುತ್ತಿದ್ದಾರೆ.

ಎಲ್ಲಿ ಕೂತಿದ್ದಾಳೆ? ಎಫ್ರಾಯೀಮ್ ಬೆಟ್ಟದ ಸೀಮೆಯಲ್ಲಿ, ರಾಮಾ ಮತ್ತು ಬೇತೇಲ್ ಊರುಗಳ ನಡುವೆ, ಒಂದು ಖರ್ಜೂರದ ಮರದ ಕೆಳಗೆ. ಆ ಮರಕ್ಕೆ 'ದೆಬೋರಳ ಖರ್ಜೂರ' ಅಂತಲೇ ಹೆಸರು. ಅರಳೀಕಟ್ಟೆ ನೆನಪಿಗೆ ಬಂದರೆ ತಪ್ಪಿಲ್ಲ. ಅಲ್ಲಿಗೆ ಜಗಳ ಹೊತ್ತು ಬರುವವರು ಬರುತ್ತಿದ್ದರು, ತೀರ್ಮಾನ ತೆಗೆದುಕೊಂಡು ಹೋಗುತ್ತಿದ್ದರು. ಆ ಪುಸ್ತಕದಲ್ಲಿ ಬರುವ ನ್ಯಾಯಸ್ಥಾಪಕರಲ್ಲಿ ಹೀಗೆ ಕೂತು ವ್ಯಾಜ್ಯ ಕೇಳುವುದನ್ನು ಗ್ರಂಥ ತೋರಿಸುವುದು ದೆಬೋರಳೊಬ್ಬಳಲ್ಲೇ. ಗಿದ್ಯೋನ, ಸಂಸೋನ ಮುಂತಾದವರು ಯುದ್ಧದ ಕಥೆಗಳಲ್ಲೇ ಕಾಣಿಸಿಕೊಳ್ಳುತ್ತಾರೆ.

'ಲಪ್ಪಿದೋತ್' ಅನ್ನುವ ಪದದ ಬಗ್ಗೆಯೂ ಒಂದು ಮಾತು. ಹೀಬ್ರೂವಿನಲ್ಲಿ ಅದರ ಅರ್ಥ ಪಂಜುಗಳು. ಗಂಡಸಿನ ಹೆಸರಿಗೆ ಆ ರೂಪ ಅಪರೂಪ. 'ಎಶೆತ್' ಅಂದರೆ ಹೆಂಡತಿಯೂ ಹೌದು, ಹೆಣ್ಣೂ ಹೌದು. ಹಾಗಾಗಿ ಇದು ಲಪ್ಪೀದೋತನ ಹೆಂಡತಿ ಅಲ್ಲ, 'ಪಂಜುಗಳ ಹೆಣ್ಣು', ಬೆಂಕಿಯಂಥವಳು ಅಂತ ಓದುವವರಿದ್ದಾರೆ. ಎರಡೂ ಓದಿಗೆ ಜಾಗ ಇದೆ. ದೆವೊರಾ ಅಂದರೆ ಜೇನ್ನೊಣ ಅನ್ನುವುದರಲ್ಲಿ ಮಾತ್ರ ಅನುಮಾನ ಇಲ್ಲ.

ಮುಂದೆ ಅವಳು ಉತ್ತರದ ನಫ್ತಾಲಿ ಕುಲದ ಬಾರಾಕನಿಗೆ ಹೇಳಿ ಕಳಿಸುತ್ತಾಳೆ: ಹತ್ತು ಸಾವಿರ ಜನರನ್ನು ಕರೆದುಕೊಂಡು ತಾಬೋರ್ ಬೆಟ್ಟಕ್ಕೆ ಹೋಗು, ಇದು ದೇವರ ಅಪ್ಪಣೆ. ಬಾರಾಕನ ಉತ್ತರ ತುಂಬ ಸರಳ. ನೀನು ಬಂದರೆ ಹೋಗುತ್ತೇನೆ, ನೀನು ಬರದಿದ್ದರೆ ಹೋಗುವುದಿಲ್ಲ. ಇದನ್ನು ಹೇಡಿತನ ಅಂತ ಓದುವ ರೂಢಿ ಇದೆ. ನನಗೆ ಹಾಗೆ ಕಾಣುವುದಿಲ್ಲ. ಬರಿಗಾಲಿನ ಹಳ್ಳಿಯವರನ್ನು 900 ರಥಗಳ ಎದುರು ನಿಲ್ಲಿಸಬೇಕಾದವನು ದೇವರ ಮಾತು ಬಲ್ಲವಳು ಜೊತೆಗಿರಲಿ ಅಂತ ಕೇಳಿದರೆ ಅದು ಬುದ್ಧಿವಂತಿಕೆ. ದೆಬೋರ ಬರುತ್ತೇನೆ ಅಂದಳು. ಜೊತೆಗೆ ಒಂದು ಮಾತು ಸೇರಿಸಿದಳು: ಈ ದಾರಿಯ ಕೀರ್ತಿ ನಿನಗೆ ಸಿಗುವುದಿಲ್ಲ, ಸೀಸೆರ ಒಬ್ಬ ಹೆಂಗಸಿನ ಕೈಗೆ ಬೀಳುತ್ತಾನೆ.

ಆ ಹೆಂಗಸು ದೆಬೋರಳೇ ಅಂತ ಓದುಗ ಅಂದುಕೊಳ್ಳುತ್ತಾನೆ. ಅಲ್ಲ. ಮಳೆ ಸುರಿಯಿತು, ಕೀಷೋನ್ ಹೊಳೆ ಉಕ್ಕಿತು ಅಂತ ಹಾಡು ಸೂಚಿಸುತ್ತದೆ. ಕೆಸರಿನಲ್ಲಿ ಕಬ್ಬಿಣದ ರಥ ಎಷ್ಟಿದ್ದರೇನು? ಸೀಸೆರ ರಥದಿಂದ ಇಳಿದು ಓಡಿದ. ಓಡಿ ಓಡಿ ಯಾಯೇಲ ಎಂಬವಳ ಗುಡಾರಕ್ಕೆ ಬಂದ. ಅವಳ ಗಂಡ ಹೆಬೆರ ಯಾಬೀನನ ಜೊತೆ ಸ್ನೇಹದಿಂದಿದ್ದವನು. ಹಾಗಾಗಿ ಸೀಸೆರನಿಗೆ ಧೈರ್ಯ. ಅವಳು ಒಳಗೆ ಕರೆದು ಕಂಬಳಿ ಹೊದಿಸಿದಳು. ಅವನು ನಿದ್ದೆ ಹೋದ ಮೇಲೆ ಗುಡಾರದ ಗೂಟವನ್ನೂ ಸುತ್ತಿಗೆಯನ್ನೂ ತೆಗೆದುಕೊಂಡು ಬಂದು ಅವನ ಕಣತಲೆಗೆ ಹೊಡೆದಳು. ಕೆಲವು ಅಲೆಮಾರಿ ಸಮಾಜಗಳಲ್ಲಿ ಗುಡಾರ ಹಾಕುವುದು, ಕೀಳುವುದು ಹೆಂಗಸರ ಕೆಲಸ. ಗೂಟ ಬಡಿಯುವುದು ಅವಳಿಗೆ ದಿನದ ಅಭ್ಯಾಸವೇ ಇರಬೇಕು.

ನಾಲ್ಕು ಪದಗಳ ಸಾಲು

5ನೇ ಅಧ್ಯಾಯ ಪೂರ್ತಿ ಒಂದು ಹಾಡು. ಇಡೀ ಗ್ರಂಥದ ಅತಿ ಹಳೆಯ ಭಾಗಗಳಲ್ಲಿ ಇದೊಂದು ಅಂತ ಬಹಳಷ್ಟು ವಿದ್ವಾಂಸರು ಎಣಿಸುತ್ತಾರೆ. ಅದರಲ್ಲಿ ಯಾಯೇಲಳ ಬಗ್ಗೆ ಒಂದು ಸಾಲು ಇದೆ: ಮಯಿಮ್ ಶಾಅಲ್, ಹಲಾವ್ ನಾತನಾ. ಕನ್ನಡದಲ್ಲಿ: ನೀರು ಕೇಳಿದ, ಹಾಲು ಕೊಟ್ಟಳು. ಅಲ್ಲೂ ನಾಲ್ಕೇ ಪದ, ಇಲ್ಲೂ ನಾಲ್ಕೇ ಪದ. ಪದಗಳ ಸರದಿ ಕೂಡ ಅದೇ. ಯಾರು ಕೇಳಿದ್ದು, ಯಾರು ಕೊಟ್ಟದ್ದು ಅಂತ ಬೇರೆ ಹೇಳಬೇಕಿಲ್ಲ, ಕ್ರಿಯಾಪದದ ಕೊನೆಯೇ ಹೇಳುತ್ತದೆ. ಮೇಲೆ ಹೇಳಿದ ಅನುಕೂಲ ಇದೇ. ಕ್ರಿಯಾಪದದಲ್ಲಿ ಗಂಡು ಹೆಣ್ಣು ಗುರುತಿಸುವ ಭಾಷೆ ನಮ್ಮದು. ಹೀಬ್ರೂ ಕೂಡ ಹಾಗೇ.

ಇನ್ನೊಂದು ಕಡೆ ಕನ್ನಡ ಇನ್ನೂ ಹತ್ತಿರ ಬರುತ್ತದೆ. ಹಾಡಿನಲ್ಲಿ ಹಳ್ಳಿಗಳು ಬರಿದಾಗಿದ್ದವು, 'ಶಕ್ಕಮ್ತಿ ದೆವೊರಾ' ಆಗುವವರೆಗೆ, ಅಂತ ಬರುತ್ತದೆ. 'ಶಕ್ಕಮ್ತಿ' ಅನ್ನುವುದನ್ನು 'ನಾನು ಎದ್ದೆ' ಅಂತಲೂ ಓದಬಹುದು. ಹಳೆಯ ರೂಪ ಅಂತ ತೆಗೆದುಕೊಂಡರೆ 'ನೀನು ಎದ್ದೆ' ಅಂತಲೂ ಓದಬಹುದು. ಮೊದಲನೆಯದಾದರೆ ಹಾಡುತ್ತಿರುವವಳು ದೆಬೋರಳೇ. ಎರಡನೆಯದಾದರೆ ಜನ ಅವಳನ್ನು ಕುರಿತು ಹಾಡುತ್ತಿದ್ದಾರೆ. ಬೇರೆ ಭಾಷೆಗೆ ತರುವವರು ಯಾವುದಾದರೂ ಒಂದನ್ನು ಆರಿಸಲೇಬೇಕು. ಕನ್ನಡದಲ್ಲಿ ನೋಡಿ: ಎದ್ದೆ, ದೆಬೋರ. ನಾನೂ ಎದ್ದೆ, ನೀನೂ ಎದ್ದೆ. ಎರಡೂ ಅರ್ಥ ಹಾಗೇ ನಿಂತಿತು.

ಅದೇ ಸಾಲಿನ ಕೊನೆಗೆ ಅವಳಿಗೊಂದು ಬಿರುದು ಇದೆ: 'ಇಸ್ರೇಲಿನಲ್ಲಿ ತಾಯಿ'. ಅವಳಿಗೆ ಮಕ್ಕಳಿದ್ದರೋ ಇಲ್ಲವೋ ಗ್ರಂಥ ಹೇಳುವುದಿಲ್ಲ. ಇಲ್ಲಿ ತಾಯಿ ಅಂದರೆ ಹೆತ್ತವಳು ಅಂತ ಅಲ್ಲ, ಊರು ಕಾಯುವವಳು. ಹಾಗೆ ಕಾಯಲು ಅವಳ ಕೈಯಲ್ಲಿ ಬಲವಂತದ ಸಾಧನ ಏನೂ ಇರಲಿಲ್ಲ. ಹಾಡೇ ಹೇಳುತ್ತದೆ: ಕರೆಗೆ ಎಫ್ರಾಯೀಮ್, ಬೆನ್ಯಾಮೀನ್, ಜೆಬುಲೂನ್, ಇಸ್ಸಾಕಾರ್, ನಫ್ತಾಲಿ ಕುಲಗಳು ಬಂದವು. ರೂಬೇನ್, ದಾನ್, ಆಶೇರ್ ಬರಲಿಲ್ಲ. ಬಾರದವರ ಹೆಸರನ್ನು ಹಾಡಿನಲ್ಲಿ ಕಟ್ಟಿಟ್ಟರು, ಅವರಿಗೆ ಸಿಕ್ಕ ಶಿಕ್ಷೆ ಅಷ್ಟೇ.

ಹಾಡು ಕೊನೆಯಾಗುವುದು ಇನ್ನೊಬ್ಬ ಹೆಂಗಸಿನಲ್ಲಿ. ಸೀಸೆರನ ತಾಯಿ ಕಿಟಕಿಯಲ್ಲಿ ನಿಂತು ಮಗನ ರಥ ಯಾಕಿಷ್ಟು ತಡ ಅಂತ ದಾರಿ ನೋಡುತ್ತಾಳೆ. ಜೊತೆಯ ಹೆಂಗಸರು ಸಮಾಧಾನ ಹೇಳುತ್ತಾರೆ: ಕೊಳ್ಳೆ ಹಂಚಿಕೊಳ್ಳುತ್ತಿರಬೇಕು, ಒಬ್ಬೊಬ್ಬನಿಗೆ ಒಂದೆರಡು ಹೆಣ್ಣುಗಳು. ಸೋತಿದ್ದರೆ ದೆಬೋರಳ ಕಡೆಯ ಹೆಂಗಸರಿಗೆ ಏನು ಕಾದಿತ್ತು ಅಂತ ಈ ಒಂದು ಮಾತಿನಿಂದ ತಿಳಿಯುತ್ತದೆ.

ಮಿರ್ಯಾಮ: ಯಾರ ಹೆಸರು ಮೊದಲು

ಮಿರ್ಯಾಮ, ಇಸ್ರೇಲರನ್ನು ಗುಲಾಮಗಿರಿಯಿಂದ ಬಿಡಿಸಿ ನಡೆಸಿದ ಮೋಶೆ ಮತ್ತು ಅವನ ಅಣ್ಣ ಆರೋನರ ಅಕ್ಕ. ಐಗುಪ್ತದ, ಅಂದರೆ ಈಜಿಪ್ಟಿನ ಗುಲಾಮಗಿರಿಯಿಂದ ಹೊರಟ ಜನ ಸಮುದ್ರ ದಾಟಿದ ಮೇಲೆ ಅವಳು ದಮ್ಮಡಿ ಎತ್ತಿಕೊಂಡಳು, ಹೆಂಗಸರೆಲ್ಲ ದಮ್ಮಡಿ ಹಿಡಿದು ಕುಣಿಯುತ್ತ ಅವಳ ಹಿಂದೆ ಹೊರಟರು ಅಂತ ವಿಮೋಚನಕಾಂಡ ಹೇಳುತ್ತದೆ. ಅವಳನ್ನು ಪ್ರವಾದಿನಿ ಅಂತ ಕರೆದಿರುವುದೂ ಅಲ್ಲೇ. ಗೆದ್ದು ಬಂದವರನ್ನು ಹೆಂಗಸರು ದಮ್ಮಡಿ ಬಾರಿಸಿ ಎದುರುಗೊಳ್ಳುವುದು ಆ ನಾಡಿನ ಪದ್ಧತಿ. ದಮ್ಮಡಿ ಹಿಡಿದ ಹೆಂಗಸರ ಪುಟ್ಟ ಮಣ್ಣಿನ ಗೊಂಬೆಗಳು ಆ ಕಡೆಯ ಅಗೆತಗಳಲ್ಲಿ ಸಿಕ್ಕಿವೆ.

ಅವಳು 'ಅವರಿಗೆ' ಹಾಡಿದಳು ಅನ್ನುವಲ್ಲಿ ಹೀಬ್ರೂ ಪದ ಪುಲ್ಲಿಂಗದ ಬಹುವಚನ. ಹೆಂಗಸರಿಗೆ ಮಾತ್ರ ಅಂತಿದ್ದರೆ ಬೇರೆ ರೂಪ ಬರಬೇಕಿತ್ತು. ಅಂದರೆ ಹಾಡು ಇಡೀ ಗುಂಪಿಗೆ ಅಂತ ಓದಲು ದಾರಿ ಇದೆ. ಈಗಿನ ಗ್ರಂಥದಲ್ಲಿ ಅವಳ ಹಾಡಿಗೆ ಉಳಿದಿರುವುದು ಒಂದೇ ವಚನ. ಆದರೆ ಮೃತ ಸಮುದ್ರದ ಬಳಿ ಕುಮ್ರಾನ್ ಗುಹೆಗಳಲ್ಲಿ ಸಿಕ್ಕ ಚರ್ಮದ ಸುರುಳಿಗಳ ಒಂದು ತುಂಡಿನಲ್ಲಿ ಅದೇ ಜಾಗದಲ್ಲಿ ಹಾಡಿನ ಇನ್ನಷ್ಟು ಸಾಲುಗಳಿವೆ, ಅರ್ಧರ್ಧ ಹರಿದ ಸಾಲುಗಳು. ಹಿಂದೆ ಅವಳ ಹಾಡನ್ನು ಉದ್ದವಾಗಿ ಓದುತ್ತಿದ್ದವರು ಇದ್ದರು ಅಂತಾಯಿತು.

ಮುಂದಿನ ಕಥೆ ಅರಣ್ಯಕಾಂಡದ 12ನೇ ಅಧ್ಯಾಯದ್ದು. ಈ ಪುಸ್ತಕಕ್ಕೆ ಇಂಗ್ಲಿಷಿನಲ್ಲಿ 'ಸಂಖ್ಯೆಗಳು' ಅನ್ನುವ ಅರ್ಥದ ಹೆಸರಿದೆ. ಹೀಬ್ರೂ ಹೆಸರು ಬೆಮಿದ್ಬಾರ್, ಅಂದರೆ ಅರಣ್ಯದಲ್ಲಿ, ಬೆಂಗಾಡಿನಲ್ಲಿ. ಕನ್ನಡದ ಹಳೆಯ ಅನುವಾದಕರು ಮೂಲಕ್ಕೆ ಹತ್ತಿರದ ಹೆಸರನ್ನೇ ಇಟ್ಟರು, ನನಗೆ ಅದು ತುಂಬ ಇಷ್ಟ. ಅಲ್ಲಿ ಮಿರ್ಯಾಮಳೂ ಆರೋನನೂ ಮೋಶೆಯನ್ನು ಪ್ರಶ್ನಿಸುತ್ತಾರೆ: ದೇವರು ಅವನೊಬ್ಬನ ಜೊತೆ ಮಾತ್ರ ಮಾತಾಡಿದನೇ, ನಮ್ಮ ಜೊತೆ ಮಾತಾಡಲಿಲ್ಲವೇ? ಹೀಬ್ರೂವಿನಲ್ಲಿ ಆ ಕ್ರಿಯಾಪದ 'ಮಾತಾಡಿದಳು' ಅಂತ ಇದೆ, 'ಮಾತಾಡಿದರು' ಅಂತ ಅಲ್ಲ. ದೆಬೋರಳ ಹಾಡಿನ ಶುರುವಿನಲ್ಲೂ ಹಾಗೇ: ದೆಬೋರಳೂ ಬಾರಾಕನೂ 'ಹಾಡಿದಳು'. ಕ್ರಿಯಾಪದ ವಾಕ್ಯದ ಮೊದಲೇ ಬರುವಾಗ ತಕ್ಷಣ ಬರುವ ಹೆಸರಿಗೆ ಹೊಂದಿಕೊಳ್ಳುವುದು ಹೀಬ್ರೂ ವ್ಯಾಕರಣದಲ್ಲಿ ಉಂಟು. ಅಂದಮೇಲೆ ನೋಡಬೇಕಾದದ್ದು ಯಾರ ಹೆಸರು ಮೊದಲು ಇಟ್ಟಿದ್ದಾರೆ ಅನ್ನುವುದನ್ನು. ಎರಡೂ ಕಡೆ ಹೆಂಗಸಿನ ಹೆಸರೇ ಮೊದಲು. ಕನ್ನಡದಲ್ಲಿ ಇಬ್ಬರು ಸೇರಿದ ಕೂಡಲೇ 'ಹಾಡಿದರು' ಆಗಿಬಿಡುತ್ತದೆ, ಆ ಎಳೆ ಕಾಣೆಯಾಗುತ್ತದೆ. ಮೇಲೆ ಲಾಭ ಆದ ಹಾಗೆ ಇಲ್ಲಿ ನಮಗೆ ಒಂದಿಷ್ಟು ನಷ್ಟ.

ಪ್ರಶ್ನಿಸಿದ್ದಕ್ಕೆ ಚರ್ಮರೋಗ ಬಂದದ್ದು ಮಿರ್ಯಾಮಳಿಗೆ ಮಾತ್ರ. ಆರೋನನಿಗೆ ಏನೂ ಆಗಲಿಲ್ಲ. ಇದು ಓದಲು ಕಷ್ಟದ ಭಾಗ, ಸುಮ್ನೆ ದಾಟಿ ಹೋಗುವಂಥದ್ದಲ್ಲ. ಅವಳನ್ನು ಏಳು ದಿನ ಪಾಳೆಯದ ಹೊರಗೆ ಇಟ್ಟರು. ಅದೇ ಕಡೆ ಒಂದು ಚಿಕ್ಕ ವಾಕ್ಯ ಇದೆ: ಅವಳನ್ನು ಒಳಗೆ ಸೇರಿಸಿಕೊಳ್ಳುವ ತನಕ ಜನ ಹೊರಡಲಿಲ್ಲ. ಇಡೀ ಪಾಳೆಯ ಬೆಂಗಾಡಿನಲ್ಲಿ ಏಳು ದಿನ ಕಾಯಿತು. ಎಷ್ಟೋ ಶತಮಾನಗಳ ಮೇಲೆ ಮೀಕ ಪ್ರವಾದಿ ದೇವರ ಬಾಯಲ್ಲಿ ಆಡಿಸುವ ಮಾತಿನಲ್ಲಿ ಅವಳು ಹೆಂಗಸರ ಮುಂದಾಳು ಅಂತ ಇಲ್ಲ. ನಿಮ್ಮನ್ನು ನಡೆಸಲು ಮೋಶೆ, ಆರೋನ, ಮಿರ್ಯಾಮರನ್ನು ಕಳಿಸಿದೆ ಅಂತ ಇದೆ.

ಹುಲ್ದ: ಅರಸ ಕಳಿಸಿದ ಐವರು

ಈಗ ಕಾಲ ಬದಲಾಗಿದೆ. ಯೆರೂಸಲೇಮಿನಲ್ಲಿ ಅರಸ ಇದ್ದಾನೆ, ದೇವಾಲಯ ಇದೆ, ಲೆಕ್ಕಪತ್ರದ ಅಧಿಕಾರಿಗಳಿದ್ದಾರೆ. ಸುಮಾರು ಕ್ರಿ.ಪೂ. 622. ಎಂಟನೇ ವಯಸ್ಸಿಗೆ ಪಟ್ಟಕ್ಕೆ ಬಂದ ಯೋಷೀಯ ರಾಜನ ಆಳ್ವಿಕೆಯ 18ನೇ ವರ್ಷ. ದೇವಾಲಯದ ರಿಪೇರಿ ನಡೆಯುತ್ತಿದೆ. ಮಹಾಯಾಜಕ, ಅಂದರೆ ದೇವಾಲಯದ ಮುಖ್ಯ ಪೂಜಾರಿ ಹಿಲ್ಕೀಯನಿಗೆ ಒಂದು ಸುರುಳಿ ಸಿಗುತ್ತದೆ, ಧರ್ಮಶಾಸ್ತ್ರದ ಗ್ರಂಥ. ಲೇಖಕ ಶಾಫಾನ ಅದನ್ನು ಅರಸನ ಮುಂದೆ ಓದುತ್ತಾನೆ. ಕೇಳಿದ ಅರಸ ಬಟ್ಟೆ ಹರಿದುಕೊಳ್ಳುತ್ತಾನೆ. ಇದರಲ್ಲಿ ಬರೆದ ಹಾಗೆ ನಮ್ಮ ಹಿರಿಯರು ನಡೆದೇ ಇಲ್ಲವಲ್ಲ ಅಂತ ಹೆದರುತ್ತಾನೆ.

ಈಗ ಒಂದು ಪ್ರಶ್ನೆ ಹುಟ್ಟುತ್ತದೆ: ಇದು ನಿಜವಾಗಿ ದೇವರ ಮಾತೇ? ಅಟ್ಟದಲ್ಲಿ ಹಳೇ ಕಾಗದ ಸಿಕ್ಕಿದರೆ ಬಲ್ಲವರಿಗೆ ತೋರಿಸುತ್ತೇವಲ್ಲ, ಹಾಗೆ. ಅರಸ ಮಹಾಯಾಜಕನನ್ನೂ ಸೇರಿಸಿ ಐವರು ಗಣ್ಯರನ್ನು ಕಳಿಸುತ್ತಾನೆ. ಅವರು ನೇರ ಹೋಗುವುದು ಹುಲ್ದಳ ಮನೆಗೆ. ಯೆರೂಸಲೇಮಿನ 'ಮಿಶ್ನೆ', ಅಂದರೆ ಎರಡನೇ ಕೇರಿಯಲ್ಲಿ ಆ ಮನೆ. ಅವಳ ಗಂಡ ಶಲ್ಲೂಮ ಉಡುಪುಗಳ ಉಗ್ರಾಣ ನೋಡಿಕೊಳ್ಳುವವನು. ಯೆರೆಮೀಯ, ಚೆಫನ್ಯ ಎಂಬ ಹೆಸರಾಂತ ಪ್ರವಾದಿಗಳು ಅದೇ ಅರಸನ ಕಾಲದವರು. ಆದರೂ ಹೋದದ್ದು ಇವಳ ಹತ್ತಿರ. ಯಾಕೆ ಅಂತ ಗ್ರಂಥ ವಿವರಿಸುವುದೇ ಇಲ್ಲ.

ಅವಳ ಮೊದಲ ಮಾತು ಗಮನಿಸಿ. 'ನಿಮ್ಮನ್ನು ನನ್ನ ಹತ್ತಿರ ಕಳಿಸಿದ ಆ ಮನುಷ್ಯನಿಗೆ ಹೇಳಿ.' ಅರಸನಿಗೆ ಅಂತ ಅಲ್ಲ, ಮನುಷ್ಯನಿಗೆ. ಆಮೇಲೆ 'ದೇವರು ಹೀಗೆ ಹೇಳುತ್ತಾನೆ' ಅಂತ ಮತ್ತೆ ಮತ್ತೆ ಹೇಳುತ್ತ ಎರಡು ಸಂಗತಿ ಮುಂದಿಡುತ್ತಾಳೆ. ಈ ಗ್ರಂಥದಲ್ಲಿ ಬರೆದ ಕೇಡು ಈ ಊರಿಗೆ ಬಂದೇ ಬರುತ್ತದೆ. ಅರಸ ತಲೆ ಬಾಗಿಸಿ ಅತ್ತದ್ದರಿಂದ ಅವನ ಕಣ್ಣಿಗೆ ಅದು ಬೀಳುವುದಿಲ್ಲ, ಅವನು ಸಮಾಧಾನದಿಂದ ಸಮಾಧಿ ಸೇರುತ್ತಾನೆ.

ಸುರುಳಿ ಓದಿಸಿ, ಜನರನ್ನೆಲ್ಲ ಸೇರಿಸಿ, ಅರಸ ದೊಡ್ಡ ಧರ್ಮಸುಧಾರಣೆಗೆ ಕೈ ಹಾಕಿದ. ಆ ಸುರುಳಿ ಈಗ ತೋರಾದ ಕೊನೆಯ ಪುಸ್ತಕವಾದ ಧರ್ಮೋಪದೇಶಕಾಂಡದ ತಿರುಳು ಅಂತ ಬಹುಪಾಲು ವಿದ್ವಾಂಸರ ಅಭಿಪ್ರಾಯ. ಹಾಗಿದ್ದರೆ ಒಂದು ಬರಹವನ್ನು ಇದು ದೇವರ ವಾಕ್ಯ ಅಂತ ಒಪ್ಪಿ ಹೇಳಿದ್ದು, ಗ್ರಂಥದೊಳಗೆ ನಮಗೆ ಮೊದಲು ಕಾಣುವುದು, ಒಬ್ಬ ಹೆಂಗಸಿನ ಬಾಯಲ್ಲಿ. ಪವಿತ್ರ ಗ್ರಂಥ ಅನ್ನುವ ಕಲ್ಪನೆಗೇ ಅವಳ ಮನೆಯ ಬಾಗಿಲಲ್ಲಿ ಒಂದು ಹೆಜ್ಜೆಗುರುತು ಇದೆ. ಇಷ್ಟು ದೊಡ್ಡ ಸಂಗತಿ ಇಷ್ಟು ಕಡಿಮೆ ಜನಕ್ಕೆ ಗೊತ್ತಿರುವುದು ನನಗೆ ನೋವಿನ ವಿಷಯ.

ಒಂದು ತೊಡಕೂ ಇದೆ. ಯೋಷೀಯ ಸಮಾಧಾನದಿಂದ ಸಾಯಲಿಲ್ಲ. ಕ್ರಿ.ಪೂ. 609ರಲ್ಲಿ ಮೆಗಿದ್ದೋದಲ್ಲಿ ಐಗುಪ್ತದ ಫರೋಹ ನೆಕೋನ ಕೈಯಲ್ಲಿ ಸತ್ತ. ಯೆರೂಸಲೇಮ್ ಮಾತ್ರ ಅವಳು ಹೇಳಿದ ಹಾಗೆ ಕ್ರಿ.ಪೂ. 586ರಲ್ಲಿ ಬಾಬೆಲಿನವರ, ಅಂದರೆ ಬ್ಯಾಬಿಲೋನಿನವರ ಕೈಗೆ ಬಿದ್ದು ಹಾಳಾಯಿತು. ಬರೆದವರು ಅವಳ ಮಾತನ್ನು ಆಮೇಲೆ ತಿದ್ದಿ ಸರಿಮಾಡಬಹುದಿತ್ತು. ತಿದ್ದಲಿಲ್ಲ.

ಅರಮನೆಯಲ್ಲಿ, ಕೋಟೆಗೋಡೆಯ ಮೇಲೆ

ಸಿಂಹಾಸನದ ಮೇಲೆ ತಾನೇ ಕೂತು ಯೆಹೂದವನ್ನು, ಅಂದರೆ ಯೆರೂಸಲೇಮ್ ರಾಜಧಾನಿಯಾಗಿದ್ದ ರಾಜ್ಯವನ್ನು ಆಳಿದವಳು ಅತಲ್ಯ ಒಬ್ಬಳೇ, ಕ್ರಿ.ಪೂ. 9ನೇ ಶತಮಾನದಲ್ಲಿ ಸುಮಾರು ಆರು ವರ್ಷ. ರಾಜವಂಶದ ಮಕ್ಕಳನ್ನು ಕೊಲ್ಲಿಸಿ ಪಟ್ಟಕ್ಕೆ ಬಂದಳು ಅಂತ ಗ್ರಂಥ ಅವಳನ್ನು ಕಟುವಾಗಿ ಚಿತ್ರಿಸುತ್ತದೆ. ಹೆಣ್ಣಾದ್ದರಿಂದ ಆಳಬಾರದಿತ್ತು ಅಂತ ಆ ಅಧ್ಯಾಯ ಹೇಳುವುದಿಲ್ಲ. ಅರಸನ ತಾಯಿಗೆ 'ಗೆವೀರಾ' ಅನ್ನುವ ಸ್ಥಾನ ಇತ್ತು. ಸೊಲೊಮೋನ ತನ್ನ ತಾಯಿ ಬತ್ಷೆಬೆ ಬಂದಾಗ ಎದ್ದು ನಮಸ್ಕರಿಸಿ ಬಲಗಡೆ ಪೀಠ ಹಾಕಿಸಿದ.

ಎಸ್ತೇರ ಪಾರಸಿಯ, ಅಂದರೆ ಪರ್ಷಿಯಾದ ರಾಣಿಯಾದ ಯಹೂದಿ ಹೆಣ್ಣು. ಅವಳ ಕಥೆ ಅಲ್ಲಿನ ಶೂಷನ್ ಅರಮನೆಯದ್ದು. ಆ ಪುಸ್ತಕದ ಮೊದಲ ವಾಕ್ಯದಲ್ಲೇ ನಮ್ಮ ಕಡೆಯ ಹೆಸರು ಇದೆ: ಅಹಷ್ವೇರೋಷನ ರಾಜ್ಯ 'ಹೋದ್ದುವಿನಿಂದ ಕೂಷಿನವರೆಗೆ'. ಹೋದ್ದು ಅಂದರೆ ಸಿಂಧೂ ನದಿಯ ಸೀಮೆ, ಇವತ್ತಿಗೂ ಹೀಬ್ರೂವಿನಲ್ಲಿ ಭಾರತಕ್ಕೆ ಅದೇ ಹೆಸರು. ಯಹೂದಿಗಳನ್ನೆಲ್ಲ ಕೊಲ್ಲಬೇಕೆಂಬ ಆಜ್ಞೆಯಿಂದ ತನ್ನ ಜನರನ್ನು ಉಳಿಸಲು ಎಸ್ತೇರ ಪ್ರಾಣಕ್ಕೆ ಹೆದರದೆ ಅರಸನ ಮುಂದೆ ಹೋದದ್ದನ್ನು ಎಲ್ಲರೂ ಹೇಳುತ್ತಾರೆ. ಕೊನೆಯ ಭಾಗ ಯಾರೂ ಜಾಸ್ತಿ ಹೇಳುವುದಿಲ್ಲ. ಅಲ್ಲಿ ಅವಳು ಪತ್ರ ಬರೆಯುತ್ತಾಳೆ, ಆ ಬಿಡುಗಡೆಯ ನೆನಪಿನ ಪೂರೀಮ್ ಹಬ್ಬದ ಆಚರಣೆ ಅವಳ ಅಪ್ಪಣೆಯಿಂದ ಸ್ಥಿರವಾಯಿತು ಅಂತ ದಾಖಲಾಗುತ್ತದೆ. ಆ ಹಬ್ಬ ಈಗಲೂ ನಡೆಯುತ್ತಿದೆ.

ನನಗೆ ಇವರೆಲ್ಲರಿಗಿಂತ ಹತ್ತಿರ ಅನಿಸುವವಳು ಹೆಸರೇ ಇಲ್ಲದ ಒಬ್ಬಳು. ದಾವೀದ ಅರಸನ ಸೇನಾಪತಿ ಯೋವಾಬ ಬಂಡಾಯಗಾರ ಶೆಬನನ್ನು ಬೆನ್ನಟ್ಟಿ ಆಬೇಲ್ ಎಂಬ ಊರಿಗೆ ಮುತ್ತಿಗೆ ಹಾಕಿದ. ಸೈನಿಕರು ಗೋಡೆ ಬೀಳಿಸುತ್ತಿದ್ದಾರೆ. ಊರಿನ ಒಳಗಿಂದ ಒಬ್ಬ 'ಜಾಣೆ' ಕೂಗುತ್ತಾಳೆ: ಕೇಳಿ, ಕೇಳಿ, ಯೋವಾಬನನ್ನು ಇಲ್ಲಿಗೆ ಕರೆಯಿರಿ. ಅವನು ಹತ್ತಿರ ಬರುತ್ತಾನೆ. ನೀನೇ ಯೋವಾಬನಾ? ಹೌದು ನಾನೇ. ನನ್ನ ಮಾತು ಕೇಳು. ಕೇಳುತ್ತಿದ್ದೇನೆ. ಆಗ ಅವಳು ಹೇಳುತ್ತಾಳೆ: ಹಿಂದೆ ಜನ 'ಆಬೇಲಿನಲ್ಲಿ ಕೇಳಿ' ಅನ್ನುತ್ತಿದ್ದರು, ಅಲ್ಲಿಗೆ ವ್ಯಾಜ್ಯ ಮುಗಿಯುತ್ತಿತ್ತು. ನೀನು ಇಸ್ರೇಲಿನ ಒಂದು ತಾಯಿಯಂಥ ಊರನ್ನು ನುಂಗಲು ಬಂದಿದ್ದೀಯಲ್ಲ! ದೆಬೋರಳಿಗೆ ಕೊಟ್ಟ ಅದೇ 'ತಾಯಿ' ಪದ. ಶೆಬನನ್ನು ಒಪ್ಪಿಸಿದರೆ ಹೋಗುತ್ತೇನೆ ಅಂದ ಯೋವಾಬ. ಅವಳು ಊರವರ ಹತ್ತಿರ ಹೋಗಿ ತನ್ನ ಜಾಣತನದಿಂದ ಮಾತಾಡಿದಳು. ಶೆಬನ ತಲೆ ಗೋಡೆಯಿಂದಾಚೆ ಬಿತ್ತು, ಮುತ್ತಿಗೆ ಎದ್ದಿತು. ಸೇನಾಪತಿಯೊಬ್ಬ ಗೋಡೆಯ ಕೆಳಗೆ ನಿಂತು ಅವಳ ಮಾತಿಗೆ ಕಿವಿಗೊಟ್ಟ ಅಂದರೆ, ಅಂಥ ಜಾಣೆಯರಿಗೆ ಊರಲ್ಲಿ ಒಂದು ಒಪ್ಪಿತ ಸ್ಥಾನ ಇದ್ದಿರಬೇಕು.

ಎಲ್ಲಿಯವರೆಗೆ, ಎಲ್ಲಿಂದ ಆಚೆ ಇಲ್ಲ

ಇಷ್ಟು ಓದಿ ಆ ಕಾಲ ಹೆಂಗಸರ ಪಾಲಿಗೆ ಸುಖದ ಕಾಲ ಅಂದುಕೊಂಡರೆ ತಪ್ಪಾಗುತ್ತದೆ. ಯಾಜಕರ ಕೆಲಸ ಆರೋನನ ವಂಶದ ಗಂಡಸರದ್ದು ಮಾತ್ರ. ಅದರಲ್ಲಿ ಹೆಂಗಸರಿಗೆ ಪ್ರವೇಶ ಇರಲಿಲ್ಲ. ಹೆಂಗಸು ಹೊತ್ತ ಹರಕೆಯನ್ನು ತಂದೆಯೋ ಗಂಡನೋ ರದ್ದು ಮಾಡಬಹುದಿತ್ತು. ದೆಬೋರಳ ಕಥೆ ಇರುವ ಅದೇ ಪುಸ್ತಕದ ಕೊನೆಯಲ್ಲಿ ಹೆಂಗಸರ ಮೇಲೆ ನಡೆದ ಭಯಂಕರ ಹಿಂಸೆಯ ಕಥೆಗಳಿವೆ.

ಚಲ್ಪಹಾದನ ಐವರು ಹೆಣ್ಣುಮಕ್ಕಳ ಕಥೆಯಲ್ಲಿ ಎರಡೂ ಒಟ್ಟಿಗೆ ಕಾಣುತ್ತದೆ. ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ. ಅಪ್ಪನಿಗೆ ಗಂಡುಮಕ್ಕಳಿಲ್ಲ ಅಂತ ಅವನ ಹೆಸರು ಯಾಕೆ ಅಳಿಯಬೇಕು, ನಮಗೆ ಪಾಲು ಕೊಡಿ ಅಂತ ಮೋಶೆಯ ಮುಂದೆ, ಇಡೀ ಸಭೆಯ ಮುಂದೆ ನಿಂತು ಕೇಳಿದರು. ಮೋಶೆ ದೇವರನ್ನು ಕೇಳಿದ. ಅವರು ಹೇಳುವುದು ಸರಿ ಅಂತ ಉತ್ತರ ಬಂತು, ಕಾನೂನೇ ಬದಲಾಯಿತು. ಆದರೆ ಅದೇ ಅರಣ್ಯಕಾಂಡದ ಕೊನೆಯ ಅಧ್ಯಾಯದಲ್ಲಿ ಕುಲದ ಹಿರಿಯರು ಬಂದು ತಕರಾರು ತೆಗೆದರು. ಜಮೀನು ಬೇರೆ ಕುಲಕ್ಕೆ ಹೋಗಬಾರದು ಅಂತ ಆ ಹೆಣ್ಣುಮಕ್ಕಳು ಸ್ವಂತ ಕುಲದಲ್ಲೇ ಮದುವೆಯಾಗಬೇಕು ಅನ್ನುವ ಷರತ್ತು ಬಿತ್ತು.

ಆಮೇಲೆ ಓದಿದವರು

ಗ್ರಂಥ ಆಶ್ಚರ್ಯಪಡದ ಕಡೆ ಆಮೇಲಿನ ಓದುಗರು ಆಶ್ಚರ್ಯಪಟ್ಟರು. ಯಹೂದಿ ಗುರುಗಳ ಚರ್ಚೆಗಳ ಸಂಗ್ರಹವಾದ ತಾಲ್ಮುದ್ ಏಳು ಪ್ರವಾದಿನಿಯರನ್ನು ಎಣಿಸುತ್ತದೆ: ಸಾರಾ, ಮಿರ್ಯಾಮ, ದೆಬೋರ, ಹನ್ನ, ಅಬೀಗೈಲ, ಹುಲ್ದ, ಎಸ್ತೇರ. ಗೌರವದ ಪಟ್ಟಿಯೇ. ಅದೇ ಜಾಗದಲ್ಲಿ ಇನ್ನೊಂದು ಮಾತೂ ಇದೆ. ದೆಬೋರ ಮತ್ತು ಹುಲ್ದ ಗರ್ವದ ಹೆಂಗಸರು, ಅದಕ್ಕೇ ಅವರ ಹೆಸರೂ ಚೆನ್ನಾಗಿಲ್ಲ, ಒಬ್ಬಳದು ಕಡಿಯುವ ನೊಣ, ಇನ್ನೊಬ್ಬಳದು ಇಲಿ ಹಿಡಿಯುವ ಪ್ರಾಣಿ. ಯೆರೆಮೀಯನ ಬದಲು ಹುಲ್ದಳ ಹತ್ತಿರ ಯಾಕೆ ಹೋದರು ಅನ್ನುವುದಕ್ಕೆ ಅಲ್ಲಿ ಸಿಗುವ ಒಂದು ಉತ್ತರ: ಹೆಂಗಸರಿಗೆ ಕರುಣೆ ಜಾಸ್ತಿ. ಅವಳು ಹೇಳಿದ್ದನ್ನು ಓದಿದರೆ ಅದರಲ್ಲಿ ಊರಿಗೆ ಕರುಣೆಯ ಒಂದು ಮಾತೂ ಇಲ್ಲ.

1930ರಲ್ಲಿ ಬರ್ಲಿನ್ನಿನ ರೆಗಿನಾ ಯೋನಾಸ್ ಎಂಬ ತರುಣಿ ಒಂದು ಪ್ರಬಂಧ ಬರೆದಳು. ಹೆಂಗಸು ರಬ್ಬಿ ಆಗಬಹುದೇ ಅನ್ನುವುದೇ ಅದರ ಪ್ರಶ್ನೆ. ರಬ್ಬಿ ಅಂದರೆ ಯಹೂದಿ ಧರ್ಮಗುರು. ಯಹೂದಿ ಧರ್ಮಶಾಸ್ತ್ರದ ಗ್ರಂಥಗಳನ್ನೇ ಹಿಡಿದುಕೊಂಡು, ಆಗಬಹುದು ಅಂತ ಅವಳು ವಾದಿಸಿದಳು. 1935ರ ಡಿಸೆಂಬರ್‌ನಲ್ಲಿ ಅವಳಿಗೆ ದೀಕ್ಷೆ ಸಿಕ್ಕಿತು, ದೀಕ್ಷೆ ಪಡೆದ ಮೊದಲ ಹೆಣ್ಣು ರಬ್ಬಿ ಅವಳು. 1942ರಲ್ಲಿ ನಾಜಿಗಳು ಅವಳನ್ನು ತೆರೇಜಿಯೆನ್‌ಶ್ಟಾಟ್ ಶಿಬಿರಕ್ಕೆ ಸಾಗಿಸಿದರು. ಅಲ್ಲೂ ಅವಳು ಪ್ರವಚನ ಮಾಡುತ್ತಿದ್ದಳು. 1944ರಲ್ಲಿ ಆಶ್‌ವಿಟ್ಜ್‌ನಲ್ಲಿ ಕೊಂದರು. ಅದಾದ ಮೇಲೆ ಅವಳ ಹೆಸರು ಹೇಳುವವರೇ ಇಲ್ಲವಾದರು. ಬರ್ಲಿನ್ ಗೋಡೆ ಬಿದ್ದ ಮೇಲೆ, 1990ರ ದಶಕದ ಶುರುವಿನಲ್ಲಿ, ಪೂರ್ವ ಜರ್ಮನಿಯ ಒಂದು ದಾಖಲೆ ಸಂಗ್ರಹದಲ್ಲಿ ಅವಳ ಕಾಗದಗಳು ಸಿಕ್ಕವು. ಆ ಪ್ರಬಂಧವೂ, ಅವಳ ದೀಕ್ಷೆಯ ಪತ್ರವೂ ಅದರಲ್ಲಿದ್ದವು.